ಟಿಯಾರೆ ಜೆನ್ನಿಂಗ್ಸ್ ಮತ್ತು ಆ 2021ರ ಸೀಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜ್ ಸಾಫ್ಟ್‌ಬಾಲ್ ನೋಡೋ ಕನ್ನಡಿಗರು ಕಡಿಮೆ. ನೋಡೋಕೆ ಶುರು ಮಾಡಿದವರು ಮಾತ್ರ ಸುಲಭಕ್ಕೆ ಬಿಡೋದಿಲ್ಲ. ಹೊಸದಾಗಿ ಬಂದವರು ಓಕ್ಲಹೋಮಾ ತಂಡದ ಸೆಕೆಂಡ್ ಬೇಸ್ ಆಟಗಾರ್ತಿ ಟಿಯಾರೆ ಜೆನ್ನಿಂಗ್ಸ್ ಬಗ್ಗೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾರು ಈ ಟಿಯಾರೆ ಜೆನ್ನಿಂಗ್ಸ್?

ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋದ ಹುಡುಗಿ. ಲಾಸ್ ಏಂಜಲೀಸ್ ನಗರದ ದಕ್ಷಿಣ ತುದಿಯಲ್ಲಿರುವ ಬಂದರು ಪ್ರದೇಶ ಅದು. 2021ರಿಂದ 2024ರವರೆಗೆ ಓಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಆಡಿದರು. ಜೆರ್ಸಿ ನಂಬರ್ 23. ಮೊದಲ ವರ್ಷದಲ್ಲೇ ಇಡೀ ದೇಶದ ಕಾಲೇಜ್ ಕೋಚ್‌ಗಳ ಸಂಘ ಇವರನ್ನು ವರ್ಷದ ಹೊಸ ಆಟಗಾರ್ತಿ ಅಂತ ಆರಿಸಿತು. ಆಲ್-ಅಮೆರಿಕನ್ ಮೊದಲ ತಂಡದಲ್ಲೂ, ಅಂದರೆ ದೇಶದ ಶ್ರೇಷ್ಠ ಕಾಲೇಜ್ ಆಟಗಾರ್ತಿಯರ ಪಟ್ಟಿಯಲ್ಲೂ, ಹೆಸರು ಬಂತು. ಅದೇ ವರ್ಷ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು.

ನನಗೆ ಕ್ರಿಕೆಟ್ ಬಿಟ್ರೆ ಏನೂ ಗೊತ್ತಿಲ್ಲ. ಆಟ ಅರ್ಥ ಆಗುತ್ತಾ?

ಆಗುತ್ತೆ. ಒಂದು ಆಟಕ್ಕೆ ಏಳು ಇನಿಂಗ್ಸ್. ಮೂವರು ಔಟಾದರೆ ಬ್ಯಾಟಿಂಗ್ ಸರದಿ ಎದುರಾಳಿಗೆ. ಮೈದಾನದ ಮೂಲೆಯಲ್ಲಿ ಚೌಕಾಕಾರದಲ್ಲಿ ನಾಲ್ಕು ಬೇಸ್. ಒಂದರಿಂದ ಇನ್ನೊಂದಕ್ಕೆ 60 ಅಡಿ. ನಾಲ್ಕನ್ನೂ ಸುತ್ತಿ ಬಂದರೆ ಒಂದು ರನ್. ಪಿಚರ್ 43 ಅಡಿ ದೂರದಿಂದ ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಎಸೆಯುತ್ತಾಳೆ.

ಕೆಳಗಿನಿಂದ ಎಸೆಯೋದು ಅಂದಕೂಡಲೇ ನಮ್ಮವರು ನಗುತ್ತಾರೆ. ಒಂದು ಲೆಕ್ಕ ನೋಡಿ. ಒಳ್ಳೆಯ ಕಾಲೇಜ್ ಪಿಚರ್ ಗಂಟೆಗೆ 110 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಎಸೆಯುತ್ತಾಳೆ. ಮುಂದಕ್ಕೆ ಜಿಗಿದು ಎಸೆಯೋದರಿಂದ ಅವಳ ಕೈಯಿಂದ ಚೆಂಡು ಬಿಡೋ ಹೊತ್ತಿಗೆ 43 ಅಡಿ ಇನ್ನೂ ಕಡಿಮೆ ಆಗಿರುತ್ತೆ. ಬ್ಯಾಟರ್‌ಗೆ ಸಿಗೋದು ಸುಮಾರು 0.4 ಸೆಕೆಂಡ್. ಅಷ್ಟರಲ್ಲಿ ಚೆಂಡು ಮೇಲೆ ಏಳುತ್ತಾ, ಕೆಳಗೆ ಬೀಳುತ್ತಾ, ನಿಧಾನಕ್ಕೆ ಬಂದು ಮೋಸ ಮಾಡುತ್ತಾ ಅಂತ ತೀರ್ಮಾನ ಮಾಡಬೇಕು. ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ನ ಚೆಂಡು ಪಿಚ್ ಆಗಿ ಬರೋ ಹೊತ್ತಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಸಮಯವೇ ಇರುತ್ತೆ.

ಚೆಂಡು ಮೆತ್ತಗಿರುತ್ತಾ?

ಇಲ್ಲ. ಗಟ್ಟಿ ಚೆಂಡು, ಹಳದಿ ಬಣ್ಣ. ಸುತ್ತಳತೆ 12 ಇಂಚು, ಅಂದರೆ ಕ್ರಿಕೆಟ್ ಚೆಂಡಿಗಿಂತ ದೊಡ್ಡದು. ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಹತ್ತಿರ, ಕಾಯೋ ಆಟಗಾರ್ತಿಯರಲ್ಲಿ ಎಷ್ಟೋ ಜನ ಮುಖಕ್ಕೆ ಜಾಲರಿ ಕಟ್ಟಿಕೊಂಡು ನಿಲ್ಲೋದು ಸುಮ್ನೆ ಅಲ್ಲ.

ಮೊದಲ ಸೀಸನ್‌ನಲ್ಲಿ ಅಂಥದ್ದೇನು ಮಾಡಿದರು?

ಮೂರು ಅಂಕಿ ನೆನಪಿಟ್ಟುಕೊಳ್ಳಿ. ಬ್ಯಾಟಿಂಗ್ ಸರಾಸರಿ .462. ಹೋಮ್ ರನ್ 27. ಆರ್‌ಬಿಐ 92. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಥರ ಚೆಂಡನ್ನು ಬೇಲಿ ದಾಟಿಸಿ, ನಾಲ್ಕೂ ಬೇಸ್ ಸುತ್ತಿ ಬರೋ ಹೊಡೆತ. ಇವರ ಹೊಡೆತದಿಂದ ತಂಡಕ್ಕೆ ಬಂದ ರನ್‌ಗಳ ಲೆಕ್ಕವೇ ಆರ್‌ಬಿಐ.

ತಂಡ ಆ ವರ್ಷ ಆಡಿದ್ದು 60 ಆಟ. ಗೆದ್ದಿದ್ದು 56, ಸೋತಿದ್ದು 4. ಅಂದರೆ ಜೆನ್ನಿಂಗ್ಸ್ ಪ್ರತಿ ಆಟಕ್ಕೆ ಸರಾಸರಿ ಒಂದೂವರೆ ರನ್ ತಂದುಕೊಟ್ಟರು. ಹೈಸ್ಕೂಲ್ ಮುಗಿಸಿ ಬಂದ ಮೊದಲ ವರ್ಷದಲ್ಲಿ!

ಜನ ಗಮನಿಸದ ಒಂದು ವಿಷಯ ಇದೆ. ಕಾಲೇಜ್ ಸಾಫ್ಟ್‌ಬಾಲ್‌ನಲ್ಲಿ ಐದು ಇನಿಂಗ್ಸ್ ಆದಮೇಲೆ ಒಂದು ತಂಡ ಎಂಟು ರನ್ ಮುಂದಿದ್ದರೆ ಆಟ ಅಲ್ಲಿಗೇ ಮುಗಿಯುತ್ತೆ. ಓಕ್ಲಹೋಮಾ ಆ ವರ್ಷ ಎದುರಾಳಿಗಳನ್ನು ಹೀಗೆ ಬೇಗ ಮನೆಗೆ ಕಳಿಸಿದ ಸಂದರ್ಭಗಳು ಬೇಕಾದಷ್ಟಿವೆ. ಅಂಥ ದಿನಗಳಲ್ಲಿ ಅವರ ಬ್ಯಾಟರ್‌ಗಳಿಗೆ ಸಿಗಬೇಕಾದ ಒಂದೋ ಎರಡೋ ಅವಕಾಶ ತಪ್ಪಿತು. ಅದರ ನಡುವೆಯೂ ಬಂದ 27 ಹೋಮ್ ರನ್ ಇವು.

.462 ಒಳ್ಳೆಯದಾ? ನೋಡೋಕೆ ಅರ್ಧಕ್ಕಿಂತ ಕಡಿಮೆ ಇದೆಯಲ್ಲ!

ಇದನ್ನು ಕ್ರಿಕೆಟ್ ಸರಾಸರಿ ಥರ ಓದಬೇಡಿ. ಸಾವಿರ ಸಲ ಬ್ಯಾಟಿಂಗ್‌ಗೆ ಬಂದರೆ 462 ಸಲ ಹೊಡೆದು ಬೇಸ್ ಮುಟ್ಟಿದರು ಅಂತ ಅರ್ಥ. ನಾಲ್ಕು ಕೆಟ್ಟ ಎಸೆತ ಬಿದ್ದು ಪುಕ್ಕಟೆ ಸಿಕ್ಕ ಬೇಸ್‌ಗಳು ಈ ಲೆಕ್ಕಕ್ಕೆ ಬರೋದೇ ಇಲ್ಲ. .300 ದಾಟಿದವರನ್ನು ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. .400 ದಾಟಿದರೆ ಊರೆಲ್ಲ ಮಾತಾಡುತ್ತೆ.

92 ಆರ್‌ಬಿಐ ಪೂರ್ತಿ ಅವರ ಸಾಧನೆಯೇನಾ?

ಪೂರ್ತಿ ಅಲ್ಲ. ಅಭಿಮಾನಿಗಳಿಗೆ ಇದು ಇಷ್ಟ ಆಗಲ್ಲ ಅಂತ ಗೊತ್ತು, ಆದರೂ ಹೇಳಬೇಕು. ಮೊದಲೇ ಬೇಸ್ ಸೇರಿ ನಿಂತ ಓಟಗಾರರು ಇಲ್ಲದಿದ್ದರೆ ಎಷ್ಟೇ ಜೋರಾಗಿ ಹೊಡೆದರೂ ಬರೋದು ಒಂದೇ ರನ್. ಓಕ್ಲಹೋಮಾದಲ್ಲಿ ಬೇಸ್‌ಗಳು ಖಾಲಿ ಇದ್ದ ಹೊತ್ತೇ ಕಡಿಮೆ. ಜೊತೆಗೇ ಸೇರಿದ ಟೆಕ್ಸಸ್‌ನ ಜೇಡಾ ಕೋಲ್ಮನ್ ಬೇಸ್ ಸೇರೋದರಲ್ಲಿ ನಿಪುಣೆ. ಹವಾಯಿಯಿಂದ ಬಂದ ಜೋಸೆಲಿನ್ ಅಲೋ ಆ ವರ್ಷ 34 ಹೋಮ್ ರನ್, 89 ಆರ್‌ಬಿಐ ಗಳಿಸಿ ವರ್ಷದ ಆಟಗಾರ್ತಿ ಪ್ರಶಸ್ತಿ ಪಡೆದರು. ಇಡೀ ತಂಡ ಹೊಡೆದ ಹೋಮ್ ರನ್ 161. ಅದು ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜ್ ಕ್ರೀಡೆಗಳನ್ನು ನಡೆಸೋ ಸಂಸ್ಥೆಯ, ದಾಖಲೆ. 2010ರಲ್ಲಿ ಹವಾಯಿ ತಂಡ ಮಾಡಿದ್ದ 158ರ ದಾಖಲೆ ಅಲ್ಲಿಗೆ ಮುರಿಯಿತು.

ಅಲೋಗೆ ಬಾಲ್ ಕೊಡೋಕೆ ಹೆದರಿ ಪಿಚರ್‌ಗಳು ದೂರ ದೂರ ಎಸೆಯುತ್ತಿದ್ದರು. ಜೆನ್ನಿಂಗ್ಸ್‌ಗೂ ಹಾಗೇ ಮಾಡಿದರೆ ಬೇಸ್ ಎಲ್ಲ ತುಂಬಿ ಕೂರುತ್ತೆ. ಒಬ್ಬರಿಗಾದರೂ ನೇರ ಎಸೆಯಲೇಬೇಕು. ಆ ಎಸೆತಗಳು ಸಿಕ್ಕಿದ್ದು ಅದೃಷ್ಟ ಅನ್ನಿ. ಸಿಕ್ಕಿದ್ದನ್ನು ಬಿಡದೆ ಹೊಡೆದದ್ದು ಮಾತ್ರ ಅವರದೇ. ಸರಾಸರಿಯ ವಿಷಯಕ್ಕೆ ಬಂದರೆ ಈ ನೆರವು ಅಷ್ಟಾಗಿ ಕೆಲಸ ಮಾಡಲ್ಲ. ನನ್ನನ್ನು ಕೇಳಿದರೆ 92ಕ್ಕಿಂತ .462 ದೊಡ್ಡದು.

ಮೊದಲ ವರ್ಷದವರಲ್ಲಿ ಇದಕ್ಕಿಂತ ಜಾಸ್ತಿ ಹೋಮ್ ರನ್ ಹೊಡೆದವರು ಆಗ ಯಾರೂ ಇರಲಿಲ್ವಾ?

ಇದ್ದರು, ಅದೂ ಇದೇ ಓಕ್ಲಹೋಮಾದಲ್ಲಿ. 2012ರಲ್ಲಿ ಲಾರೆನ್ ಚೇಂಬರ್ಲೇನ್ ಮೊದಲ ವರ್ಷದಲ್ಲೇ 30 ಹೊಡೆದಿದ್ದರು. 2018ರಲ್ಲಿ ಅಲೋ ಕೂಡ 30. ಚೇಂಬರ್ಲೇನ್ ಫಸ್ಟ್ ಬೇಸ್‌ನವರು. ಅಲೋ ಹೆಚ್ಚಾಗಿ ಬ್ಯಾಟಿಂಗ್‌ಗೇ ಮೀಸಲು. ಸೆಕೆಂಡ್ ಬೇಸ್ ಕಾಯುತ್ತಾ 27 ಹೊಡೆಯೋದು ಬೇರೆಯೇ ಮಾತು. ಆ ಜಾಗಕ್ಕೆ ಸಾಮಾನ್ಯವಾಗಿ ಚುರುಕು ಕಾಲಿನವರನ್ನು ಹುಡುಕುತ್ತಾರೆ, ದೊಡ್ಡ ಹೊಡೆತ ಇದ್ದರೆ ಅದು ಬೋನಸ್.

ಸೆಕೆಂಡ್ ಬೇಸ್‌ನಲ್ಲಿ ನಿಂತವರ ಕೆಲಸ ಏನು?

ಟಿವಿಯಲ್ಲಿ ಬ್ಯಾಟಿಂಗ್ ಮಾತ್ರ ತೋರಿಸಿ ತೋರಿಸಿ ಈ ಕೆಲಸ ಯಾರಿಗೂ ಕಾಣಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡಬಲ್ ಪ್ಲೇ ತಗೊಳ್ಳಿ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರು ಔಟ್. ಫಸ್ಟ್ ಬೇಸ್‌ನಲ್ಲಿ ಒಬ್ಬ ಓಟಗಾರ್ತಿ. ಬ್ಯಾಟರ್ ಹೊಡೆದ ಚೆಂಡು ನೆಲಕ್ಕಂಟಿಕೊಂಡು ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲೋ ಆಟಗಾರ್ತಿ) ಗ್ರೇಸ್ ಲಯನ್ಸ್ ಕಡೆ ಹೋಯಿತು. ಲಯನ್ಸ್ ಬಗ್ಗುವಷ್ಟರಲ್ಲಿ ಜೆನ್ನಿಂಗ್ಸ್ ಸೆಕೆಂಡ್ ಬೇಸ್ ಕಡೆ ಓಡುತ್ತಿರಬೇಕು. ಮುಖ ಲಯನ್ಸ್ ಕಡೆ. ಮುಂದೆ ಚೆಂಡು ಎಸೆಯಬೇಕಾದ ಫಸ್ಟ್ ಬೇಸ್ ಬೆನ್ನ ಹಿಂದೆ. ಚೆಂಡು ಗ್ಲೌಸ್‌ಗೆ ಬಿದ್ದ ಗಳಿಗೆಗೆ ಒಂದು ಕಾಲು ಬೇಸ್ ಮೇಲಿರಬೇಕು. ಅಲ್ಲಿಗೆ ಒಬ್ಬಳು ಔಟ್. ಚೆಂಡನ್ನು ಗ್ಲೌಸ್‌ನಿಂದ ಬಲಗೈಗೆ ತೆಗೆದುಕೊಳ್ಳುತ್ತಲೇ ಸೊಂಟ ತಿರುಗಿಸಿ, ಎಡಭುಜವನ್ನು ಫಸ್ಟ್ ಬೇಸ್ ಕಡೆ ತಂದು ಎಸೆಯಬೇಕು. ಅದೇ ಹೊತ್ತಿಗೆ ಔಟಾದ ಓಟಗಾರ್ತಿ ಧೂಳೆಬ್ಬಿಸಿಕೊಂಡು ಕಾಲ ಬುಡಕ್ಕೇ ಜಾರಿ ಬರುತ್ತಿರುತ್ತಾಳೆ. ಬ್ಯಾಟರ್ ಫಸ್ಟ್ ಬೇಸ್ ತಲುಪೋಕೆ ತಗೊಳ್ಳೋದು ಸುಮಾರು ಮೂರು ಸೆಕೆಂಡ್. ಲಯನ್ಸ್ ಚೆಂಡು ಹಿಡಿದಾಗಲೇ ಅದರಲ್ಲಿ ಅರ್ಧ ಖರ್ಚಾಗಿರುತ್ತೆ.

ಇನ್ನು ಬಂಟ್. ಬ್ಯಾಟರ್ ಸುಮ್ನೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮುಂದಕ್ಕೆ ಬೀಳಿಸಿ ಓಡುತ್ತಾಳೆ. ಫಸ್ಟ್ ಬೇಸ್‌ನವಳು ಚೆಂಡು ಎತ್ತೋಕೆ ಮುಂದೆ ನುಗ್ಗುತ್ತಾಳೆ. ಆಗ ಫಸ್ಟ್ ಬೇಸ್ ಖಾಲಿ! ಅಲ್ಲಿಗೆ ಓಡಬೇಕಾದವಳು ಸೆಕೆಂಡ್ ಬೇಸ್‌ನವಳೇ. ಎಡಗೈ ಬ್ಯಾಟರ್‌ಗಳು ಓಡುತ್ತಾ ಓಡುತ್ತಾ ಚೆಂಡನ್ನು ತಟ್ಟಿ ಹೋಗೋ ಒಂದು ತಂತ್ರವಿದೆ, ಅದು ಇನ್ನೂ ತಲೆನೋವು. ಬಂಟ್ ಮಾಡುತ್ತಾಳೋ, ತಲೆ ಮೇಲಿಂದ ಎತ್ತುತ್ತಾಳೋ ಅಂತ ಕೊನೇ ಕ್ಷಣದವರೆಗೂ ಗೊತ್ತಾಗಲ್ಲ.

ಮತ್ತೆ ಶಾರ್ಟ್‌ಸ್ಟಾಪ್ ಯಾಕೆ ಕೊಡಲಿಲ್ಲ?

ಅಲ್ಲಿ ಲಯನ್ಸ್ ಇದ್ದರಲ್ಲ. ಚೆಂಡು ಹಿಡಿಯೋದರಲ್ಲಿ ಆಕೆಯಷ್ಟು ಭರವಸೆಯವರು ಆಗ ದೇಶದಲ್ಲೇ ವಿರಳ. ಲಯನ್ಸ್ 2023ರಲ್ಲಿ ಕಾಲೇಜ್ ಆಟ ಮುಗಿಸಿದರು. 2024ರಲ್ಲಿ ಜೆನ್ನಿಂಗ್ಸ್ ಶಾರ್ಟ್‌ಸ್ಟಾಪ್‌ಗೆ ಬಂದರು. ಕೊನೇ ವರ್ಷದಲ್ಲಿ ಜಾಗ ಬದಲಿಸೋದು ಸುಲಭ ಅಲ್ಲ. ಎಸೆತದ ದೂರ ಜಾಸ್ತಿ, ತಿರುಗೋ ದಿಕ್ಕು ಉಲ್ಟಾ.

ಇಷ್ಟು ಸಣ್ಣ ವಯಸ್ಸಲ್ಲಿ ಇಷ್ಟು ತಯಾರಿ ಎಲ್ಲಿಂದ ಬಂತು?

ಲಾಂಗ್ ಬೀಚ್‌ನ ಸೇಂಟ್ ಆಂಥನಿ ಹೈಸ್ಕೂಲ್‌ನಲ್ಲಿ ಓದಿದರು, ಅಲ್ಲಿನ ತಂಡಕ್ಕೂ ಆಡಿದರು. ಅಮೆರಿಕದಲ್ಲಿ ಸಾಫ್ಟ್‌ಬಾಲ್ ಆಟಗಾರ್ತಿ ನಿಜವಾಗಿ ಬೆಳೆಯೋದು ಶಾಲೆಯ ಹೊರಗೆ, ಕ್ಲಬ್‌ಗಳಲ್ಲಿ. ಅದಕ್ಕೆ ಟ್ರಾವೆಲ್ ಬಾಲ್ ಅನ್ನುತ್ತಾರೆ. ಜೆನ್ನಿಂಗ್ಸ್ ಆಡಿದ್ದು ಆರೆಂಜ್ ಕೌಂಟಿಯ ಬ್ಯಾಟ್‌ಬಸ್ಟರ್ಸ್ ಕ್ಲಬ್‌ಗೆ. ದೇಶದ ಹೆಸರಾಂತ ಕ್ಲಬ್‌ಗಳಲ್ಲಿ ಅದೂ ಒಂದು.

ಟ್ರಾವೆಲ್ ಬಾಲ್ ಅಂದರೆ ವಾರಾಂತ್ಯ ಪೂರ್ತಿ ಟೂರ್ನಿ. ಒಂದೇ ದಿನ ಎರಡು ಮೂರು ಆಟ. ಅಪ್ಪ ಅಮ್ಮ ಕಾರಿನ ಡಿಕ್ಕಿಯಲ್ಲಿ ಬ್ಯಾಟು, ಮಡಚೋ ಕುರ್ಚಿ, ಐಸ್ ಪೆಟ್ಟಿಗೆ ತುಂಬಿಕೊಂಡು ನೂರಾರು ಮೈಲಿ ಓಡಾಡೋದು. ಬೇಸಿಗೆಯಲ್ಲಿ ರಾಷ್ಟ್ರಮಟ್ಟದ ಟೂರ್ನಿಗಳು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಿಮ ಬೀಳಲ್ಲ, ಹಾಗಾಗಿ ವರ್ಷ ಪೂರ್ತಿ ಹೊರಗೆ ಆಡಬಹುದು. ಮಿನೆಸೋಟದ ಹುಡುಗಿ ಜನವರಿಯಲ್ಲಿ ಒಳಾಂಗಣದಲ್ಲಿ ಬಲೆಗೆ ಹೊಡೆಯುತ್ತಿರುವಾಗ ಸ್ಯಾನ್ ಪೆಡ್ರೋದ ಹುಡುಗಿ ಬಿಸಿಲಲ್ಲಿ ನಿಜವಾದ ಪಿಚರ್‌ಗಳನ್ನು ಎದುರಿಸುತ್ತಿರುತ್ತಾಳೆ. ಹತ್ತು ವರ್ಷ ಹೀಗೇ ನಡೆದರೆ ಎಷ್ಟು ವ್ಯತ್ಯಾಸ ಆಗುತ್ತೆ, ನೀವೇ ಊಹಿಸಿ. ಕಾಲೇಜ್‌ನಲ್ಲಿ ಎದುರಾಗೋ ಪಿಚರ್‌ಗಳಲ್ಲಿ ಎಷ್ಟೋ ಜನರನ್ನು ಇವರು ಹದಿನಾಲ್ಕರ ವಯಸ್ಸಿನಿಂದಲೇ ನೋಡಿರುತ್ತಾರೆ.

ಹಾಗಾಗಿ “ಎಲ್ಲಿಂದಲೋ ಬಂದು ಮಿಂಚಿದಳು” ಅನ್ನೋ ಕಥೆ ಇವರ ವಿಷಯದಲ್ಲಿ ಸರಿ ಹೊಂದಲ್ಲ. ಬಂದಿದ್ದೇ ತಯಾರಾಗಿ. ಆದರೆ ಈ ದಾರಿಗೆ ದುಡ್ಡು ಬೇಕು. ಕ್ಲಬ್ ಶುಲ್ಕ, ಪ್ರಯಾಣ, ಹೋಟೆಲ್, ಖಾಸಗಿ ಕೋಚಿಂಗ್, ಎಲ್ಲ ಮನೆಯವರ ಜೇಬಿಂದಲೇ. ಅಲ್ಲಿ ಪ್ರತಿಭೆ ಇದ್ದೂ ಈ ಖರ್ಚು ತೂಗಿಸಲಾಗದೆ ಹಿಂದುಳಿಯೋ ಮಕ್ಕಳೂ ಇದ್ದಾರೆ.

ಕಾಲೇಜ್‌ಗಳು ಇವರನ್ನು ಆರಿಸೋದು ಹೇಗೆ?

ಈ ಕ್ಲಬ್ ಟೂರ್ನಿಗಳಲ್ಲೇ. ಬೇಲಿ ಪಕ್ಕ ಕಾಲೇಜ್ ಕೋಚ್‌ಗಳು ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಹಿಂದೆ ಏಳನೇ ಎಂಟನೇ ಕ್ಲಾಸಿನ ಹುಡುಗಿಯರೇ ಯಾವುದೋ ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟುಬಿಡುತ್ತಿದ್ದರು. ಇದು ಅತಿಯಾಯಿತು ಅಂತ 2018ರಲ್ಲಿ ನಿಯಮ ಬಿಗಿ ಮಾಡಿದರು. ಈಗ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ಕ್ಕೆ ಮೊದಲು ಕೋಚ್‌ಗಳು ಆಟಗಾರ್ತಿಯ ಜೊತೆ ಮಾತುಕತೆ ನಡೆಸುವಂತಿಲ್ಲ.

ಕೊರೋನಾ ಆ ಸೀಸನ್‌ಗೆ ಏನು ಮಾಡಿತು?

ಎರಡು ರೀತಿ ಪೆಟ್ಟು. 2020ರ ಮಾರ್ಚ್‌ನಲ್ಲಿ ಅಮೆರಿಕದ ಶಾಲೆ ಕಾಲೇಜ್ ಆಟಗಳೆಲ್ಲ ನಿಂತುಹೋದವು. ಜೆನ್ನಿಂಗ್ಸ್ ಮತ್ತು ಅವರ ಓರಗೆಯವರ ಹೈಸ್ಕೂಲ್‌ನ ಕೊನೇ ಸೀಸನ್ ಅರ್ಧಕ್ಕೇ ಮುಗಿಯಿತು.

ಎರಡನೆಯದು ಹೆಚ್ಚು ಮುಖ್ಯ. 2020ರಲ್ಲಿ ಆಟ ಕಳೆದುಕೊಂಡ ಕಾಲೇಜ್ ಆಟಗಾರ್ತಿಯರಿಗೆ ಎನ್‌ಸಿಎಎ ಒಂದು ವರ್ಷ ಜಾಸ್ತಿ ಕೊಟ್ಟಿತು. ಹೋಗಬೇಕಿದ್ದ ಎಷ್ಟೋ ಹಿರಿಯ ಪಿಚರ್‌ಗಳು 2021ಕ್ಕೆ ಉಳಿದುಕೊಂಡರು. ಅಂದರೆ ಆ ವರ್ಷ ಹೊಸಬರು ಎದುರಿಸಿದ್ದು ಮಾಮೂಲಿಗಿಂತ ಪಳಗಿದ ಪಿಚರ್‌ಗಳನ್ನು. ಇದನ್ನು ಲೆಕ್ಕಕ್ಕೆ ಹಿಡಿದರೆ ಆ .462 ಇನ್ನೊಂದು ಮೆಟ್ಟಿಲು ಮೇಲಕ್ಕೆ ಹೋಗುತ್ತೆ.

2021ರ ಫೈನಲ್ಸ್ ವಾರ ಯಾಕೆ ಅಷ್ಟು ಪ್ರಸಿದ್ಧ?

ಸೋತು ಶುರು ಮಾಡಿ ಗೆದ್ದರು ಅನ್ನೋ ಕಾರಣಕ್ಕೆ. ಕೊನೆಯ ಎಂಟು ತಂಡಗಳ ಟೂರ್ನಿಗೆ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್ ಅನ್ನುತ್ತಾರೆ. ನಡೆಯೋದು ಓಕ್ಲಹೋಮಾ ಸಿಟಿಯಲ್ಲಿ. ಎರಡು ಸೋಲಾದರೆ ಮನೆಗೆ. ಮೊದಲ ಆಟದಲ್ಲೇ ಜೇಮ್ಸ್ ಮ್ಯಾಡಿಸನ್ ಅನ್ನೋ ಸಣ್ಣ ತಂಡ, ಒಡಿಸಿ ಅಲೆಕ್ಸಾಂಡರ್ ಅನ್ನೋ ಪಿಚರ್ ಬಲದಿಂದ, ಸಮಬಲವಾಗಿ ಎಂಟನೇ ಇನಿಂಗ್ಸ್‌ಗೆ ಹೋದ ಆಟದಲ್ಲಿ 4-3ರಿಂದ ಓಕ್ಲಹೋಮಾವನ್ನು ಸೋಲಿಸಿತು. ಇಡೀ ದೇಶ ಆ ಹುಡುಗಿಯರ ಹಿಂದೆ ಬಿತ್ತು.

ಅಲ್ಲಿಂದ ಫೈನಲ್ ತಲುಪೋವರೆಗೆ ಓಕ್ಲಹೋಮಾ ಒಂದೂ ಸೋಲುವಂತಿರಲಿಲ್ಲ. ಜಾರ್ಜಿಯಾವನ್ನು 8-0, ಯುಸಿಎಲ್‌ಎಯನ್ನು 10-3, ಆಮೇಲೆ ಅದೇ ಜೇಮ್ಸ್ ಮ್ಯಾಡಿಸನ್ ತಂಡವನ್ನು ಎರಡು ಸಲ, 6-3 ಮತ್ತು 7-1. ಫೈನಲ್ ಅಂದರೆ ಮೂರರಲ್ಲಿ ಎರಡು ಆಟ ಗೆಲ್ಲಬೇಕು. ಅಲ್ಲಿ ಫ್ಲೋರಿಡಾ ಸ್ಟೇಟ್ ಎದುರು ಮೊದಲ ಆಟ 8-4ರಿಂದ ಸೋತರು. ಮುಂದಿನ ಎರಡನ್ನು 6-2, 5-1ರಿಂದ ಗೆದ್ದರು. ಜೂನ್ 10ಕ್ಕೆ ಕಪ್ ಕೈಗೆ ಬಂತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪಿಚರ್ ಜಿಸೆಲ್ ವಾರೆಸ್. ಬ್ಯಾಟಿಂಗ್‌ನ ಅಬ್ಬರದ ವರ್ಷದಲ್ಲಿ ಕೊನೆಗೆ ಗೆಲ್ಲಿಸಿದ್ದು ಒಂದು ಎಡಗೈ ಪಿಚಿಂಗ್!

ಇಷ್ಟಕ್ಕೆಲ್ಲ ದುಡ್ಡು ಸಿಗ್ತಾ?

ಆ ಸೀಸನ್‌ನಲ್ಲಿ ಇಲ್ಲ. ಆಗ ಪ್ರತಿ ಸಾಫ್ಟ್‌ಬಾಲ್ ತಂಡಕ್ಕೆ ಹೆಚ್ಚೆಂದರೆ 12 ಪೂರ್ಣ ಸ್ಕಾಲರ್‌ಶಿಪ್. ಅದನ್ನೇ ಇಪ್ಪತ್ತಕ್ಕೂ ಜಾಸ್ತಿ ಹುಡುಗಿಯರಿಗೆ ಹಂಚಬೇಕಿತ್ತು. ಜಾಹೀರಾತು, ಜೆರ್ಸಿ ಮಾರಾಟ ಇತ್ಯಾದಿಯಿಂದ ಆಟಗಾರರು ಸಂಪಾದಿಸುವಂತಿರಲಿಲ್ಲ. ಆ ನಿಯಮ ಸಡಿಲವಾಗಿದ್ದು 2021ರ ಜುಲೈ 1ಕ್ಕೆ, ಅಂದರೆ ಕಪ್ ಗೆದ್ದು ಮೂರು ವಾರಕ್ಕೆ. ಟಿವಿ ಚಾನೆಲ್‌ನವರು ಮಾತ್ರ ಅದಕ್ಕೂ ಮೊದಲೇ ಸಂಪಾದಿಸುತ್ತಿದ್ದರು, ಬಿಡಿ.

ಕೋಚ್ ಯಾರು?

ಪ್ಯಾಟಿ ಗ್ಯಾಸೊ. 1995ರಿಂದ ಓಕ್ಲಹೋಮಾದಲ್ಲಿದ್ದಾರೆ. ಇವರೂ ದಕ್ಷಿಣ ಕ್ಯಾಲಿಫೋರ್ನಿಯಾದವರೇ, ಅಲ್ಲಿ ಲಾಂಗ್ ಬೀಚ್ ಸಿಟಿ ಕಾಲೇಜ್‌ನಲ್ಲಿ ಕೋಚ್ ಆಗಿದ್ದವರು. ಸೇಂಟ್ ಆಂಥನಿ ಶಾಲೆ ಇರೋದೂ ಅದೇ ಊರಲ್ಲಿ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದಿದ್ದು 2000ದಲ್ಲಿ.

ಎರಡನೇ ವರ್ಷ ಮಂಕಾದರಾ?

ಮೊದಲ ವರ್ಷ ಮಿಂಚಿದವರ ಬಗ್ಗೆ ಎಲ್ಲರಿಗೂ ಇದೇ ಅನುಮಾನ. ಎದುರಾಳಿಗಳು ವಿಡಿಯೋ ನೋಡಿ ದೌರ್ಬಲ್ಯ ಹುಡುಕುತ್ತಾರೆ, ಎರಡನೇ ವರ್ಷ ಎಡವೋದು ಮಾಮೂಲಿ. ಜೆನ್ನಿಂಗ್ಸ್ ವಿಷಯದಲ್ಲಿ ಹಾಗಾಗಲಿಲ್ಲ. 2022ರ ಫೈನಲ್‌ನ ಮೊದಲ ಆಟದಲ್ಲಿ ಓಕ್ಲಹೋಮಾ ಟೆಕ್ಸಸ್ ತಂಡವನ್ನು 16-1ರಿಂದ ಉಡಾಯಿಸಿತು. ಆ ದಿನ ಜೆನ್ನಿಂಗ್ಸ್ ಎರಡು, ಅಲೋ ಎರಡು ಹೋಮ್ ರನ್. 2023ರಲ್ಲಿ ತಂಡ 61 ಗೆದ್ದು ಒಂದೇ ಒಂದು ಸೋತಿತು. 2024ರಲ್ಲಿ ಮತ್ತೆ ಕಪ್. ಸತತ ನಾಲ್ಕು! ಇದಕ್ಕೆ ಮೊದಲು ಯಾವ ತಂಡವೂ ಇದನ್ನು ಮಾಡಿರಲಿಲ್ಲ. 1988ರಿಂದ 1990ರವರೆಗೆ ಯುಸಿಎಲ್‌ಎ ಮೂರು ಗೆದ್ದು ನಿಂತಿತ್ತು. ಜೆನ್ನಿಂಗ್ಸ್, ಕೋಲ್ಮನ್ ಜೊತೆಯವರು ಕಾಲೇಜ್‌ನಲ್ಲಿ ಇದ್ದಷ್ಟು ವರ್ಷವೂ ಚಾಂಪಿಯನ್‌ಗಳೇ.

ನಾಲ್ಕು ವರ್ಷಕ್ಕೆ ಒಟ್ಟು 98 ಹೋಮ್ ರನ್. ಚೇಂಬರ್ಲೇನ್‌ರ 95 ದಾಟಿದರು. ಅಲೋ ಅವರ 122 ಮಾತ್ರ ದೂರವೇ ಉಳಿಯಿತು.

ನಮ್ಮಲ್ಲಿ ಸಾಫ್ಟ್‌ಬಾಲ್ ಇದೆಯಾ?

ಇದೆ. ಶಾಲಾ ಕ್ರೀಡೆಗಳಲ್ಲಿ, ಅಂತರ ವಿಶ್ವವಿದ್ಯಾಲಯ ಟೂರ್ನಿಗಳಲ್ಲಿ ಆಡುತ್ತಾರೆ. ದೈಹಿಕ ಶಿಕ್ಷಣ ಓದಿದವರನ್ನು ಕೇಳಿ, ಒಂದಲ್ಲ ಒಂದು ಸಲ ಗ್ಲೌಸ್ ಹಾಕಿರುತ್ತಾರೆ. ಆದರೆ ಕಾಲೇಜ್ ಆಟ ನೋಡೋಕೆ ಜನ ಟಿಕೆಟ್ ತಗೊಂಡು ಬರೋ ಸ್ಥಿತಿ ಇಲ್ಲಿ ಇಲ್ಲ.

ಈ ಆಟವನ್ನು ದೊಡ್ಡ ವೇದಿಕೆಯಲ್ಲಿ ನೋಡೋಕೆ ಯಾವಾಗ ಅವಕಾಶ?

2028ರ ಜುಲೈನಲ್ಲಿ. ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ವಾಪಸ್ ಬರುತ್ತಿದೆ, ಕ್ರಿಕೆಟ್ ಕೂಡ. ತಮಾಷೆ ಅಂದರೆ ಸಾಫ್ಟ್‌ಬಾಲ್ ನಡೆಯೋದು ಲಾಸ್ ಏಂಜಲೀಸ್‌ನಲ್ಲಿ ಅಲ್ಲ. ಅಲ್ಲಿಂದ ಸಾವಿರಕ್ಕೂ ಜಾಸ್ತಿ ಮೈಲಿ ದೂರದ ಓಕ್ಲಹೋಮಾ ಸಿಟಿಯಲ್ಲಿ, ಜೆನ್ನಿಂಗ್ಸ್ ನಾಲ್ಕು ಕಪ್ ಎತ್ತಿದ ಅದೇ ಮೈದಾನದಲ್ಲಿ. ಆರು ತಂಡಗಳು ಆಡುತ್ತವೆ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ 7ಕ್ಕೆ ಶುರುವಾಗೋ ಆಟ ನಮಗೆ ಮರುದಿನ ಬೆಳಗ್ಗೆ 5:30ಕ್ಕೆ. ಕಾಫಿ ಜೊತೆ ನೋಡಿ, ಆಫೀಸಿಗೆ ಹೊರಡುವಷ್ಟರಲ್ಲಿ ಮುಗಿದಿರುತ್ತೆ.